ನಡೆದು ಹೋಗುವಷ್ಟು ದೂರದ ಶಾಲೆ

ಇದನ್ನು ಬರೆಯಲು ಕುಳಿತು ಎಷ್ಟು ಸಲ ಎದ್ದಿದ್ದೇನೋ ನನಗೇ ನೆನಪಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ತೆಗೆಸಿ ಹನ್ನೊಂದು ವರ್ಷವಾಯಿತು. ಹೆಂಡತಿ ಓದಿಬಿಟ್ಟಾಳು ಎಂದು ತಡೆದೆ. ಆಕೆ ಹೋಗಿ ನಾಲ್ಕು ವರ್ಷವಾಯಿತು. ಒಂದು ಸಲವಂತೂ ಪೆನ್ನು ಸರಿಯಿಲ್ಲ ಎಂದು ಎದ್ದೆ. ಈಗ ಪೆನ್ನು ಸರಿಯಾಗಿದೆ, ಕಣ್ಣು ಕಾಣುತ್ತದೆ, ಮಧ್ಯಾಹ್ನದ ನಿದ್ದೆಯೂ ಆಗಿದೆ. ನೆಪಗಳೆಲ್ಲ ಮುಗಿದವು.

ನನಗೊಂದು ಚಟವಿದೆ. ಕೋಲೂರಿಕೊಂಡು ಬೀದಿಯಲ್ಲಿ ಹೋಗುವಾಗ 'ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡರೆ ನಿಂತು ಪೂರ್ತಿ ಓದುತ್ತೇನೆ. ಎಷ್ಟು ಕೋಣೆ, ಯಾವ ಮಾಳಿಗೆ, ನೀರು ಎಷ್ಟು ಹೊತ್ತು, ಎಲ್ಲ. ತೊಂಬತ್ತು ಮುಟ್ಟಲು ಬಂದ, ಮಗಳ ಮನೆಯಲ್ಲಿ ಉಂಡು ಮಲಗುವ ಮುದುಕನಿಗೆ ಈ ವಿವರ ಯಾಕೆ ಬೇಕೋ! ಮೊನ್ನೆ ಮೊಮ್ಮಗಳು ಹಿಂದಿನಿಂದ ಬಂದು ಹಿಡಿದಳು.

"ಅಜ್ಜಾ, ಮನೆ ಬಿಟ್ಟು ಓಡಿಹೋಗೋ ಪ್ಲಾನಾ?"

ಅವಳೇ ಈಗ ಮನೆ ಹುಡುಕುತ್ತಿದ್ದಾಳೆ. ಮಗನಿಗೆ ನಾಲ್ಕು ವರ್ಷ. ಯಾವ ಪಾಡಾದಲ್ಲಿ ಒಳ್ಳೆಯ ಶಾಲೆ, ಯಾವುದರಲ್ಲಿ ಬರೀ ಗದ್ದಲ ಎಂದು ದಿನವೂ ಚರ್ಚೆ. ಪಾಡಾ ಎಂದರೆ ಇಲ್ಲಿನವರ ಬಾಯಲ್ಲಿ ಕೇರಿಯೂ ಹೌದು, ಕೇರಿಯ ಜನ, ಅವರ ಅಭಿಮಾನ, ಅವರ ಜಗಳ ಎಲ್ಲವೂ ಹೌದು.

"ಅಮ್ಮನ ಸ್ಕೂಲು ಅಷ್ಟು ಭಾಲೋ ಸ್ಕೂಲು. ಅದರ ಪಕ್ಕದಲ್ಲೇ ನಿಂಗೆ ಹೆಂಗ ಮನೆ ಸಿಕ್ತು ಅಜ್ಜಾ? ಲಕ್ಕಾ?"

"ಲಕ್ಕೇ" ಎಂದೆ. ಐವತ್ತು ವರ್ಷಗಳಿಂದ ಯಾರು ಕೇಳಿದರೂ ಇದೇ ಉತ್ತರ ಕೊಟ್ಟುಕೊಂಡು ಬಂದಿದ್ದೇನೆ. ಅದು ಲಕ್ಕಲ್ಲ.

ಗದಗಿನಲ್ಲಿ ಮೆಟ್ರಿಕ್ ಮುಗಿಸಿ, ಮುಂದೆ ಓದಿಸಲು ಅಪ್ಪನ ಕೈಯಲ್ಲಿ ಆಗದೆ, ಪರೀಕ್ಷೆ ಬರೆದು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕಲ್ಕತ್ತೆಗೆ ಬಂದವನು ನಾನು. ಕಚೇರಿ ಡಾಲ್‌ಹೌಸಿ ಚೌಕದಲ್ಲಿ. ಅದಕ್ಕೆ ಬಿಬಿಡಿ ಬಾಗ್ ಎಂದು ಹೊಸ ಹೆಸರು ಬಂದ ಮೇಲೂ ನಮ್ಮ ಬಾಯಿಗೆ ಹಳೆಯದೇ ಬರುತ್ತಿತ್ತು. ಮನೆ ಡಮ್ ಡಮ್‌ನಲ್ಲಿ. ಒಂದು ಅಂಗಳ, ಅದರ ಸುತ್ತ ಆರು ಸಂಸಾರ, ಆರಕ್ಕೂ ಸೇರಿ ಒಂದು ಕೈಪಂಪು. ತಲೆಯ ಮೇಲೆ ವಿಮಾನ ಹಾದುಹೋಗುವಾಗ ಮಾತು ನಿಲ್ಲಿಸಬೇಕು, ಹೋದ ಮೇಲೆ ಬಿಟ್ಟ ಕಡೆಯಿಂದ ಶುರುಮಾಡಬೇಕು. ಇದರಿಂದ ಒಂದು ಲಾಭವಿತ್ತು. ಪಂಪಿನ ಹತ್ತಿರದ ಜಗಳಗಳು ವಿಮಾನ ದಾಟುವಷ್ಟರಲ್ಲಿ ಅರ್ಧ ತಣ್ಣಗಾಗಿರುತ್ತಿದ್ದವು. ಎಲ್ಲಿ ಬಿಟ್ಟಿದ್ದೆವೆಂದು ಇಬ್ಬರಿಗೂ ಮರೆತಿರುತ್ತಿತ್ತು.

ಮಗಳು ಉಷಾ ಅಂಗಳದ ಮಕ್ಕಳ ಜೊತೆ ಆಡಿ ಬಂಗಾಲಿಯನ್ನೇ ಮೊದಲು ಕಲಿತಳು. ಓಡಿ ಬಂದು "ಅವ್ವಾ, ಜೋಲ್" ಎಂದು ನೀರು ಕೇಳಿದರೆ ನನ್ನ ಹೆಂಡತಿ ಸರೋಜಾ ಸಿಟ್ಟಿನಿಂದ, "ಜೋಳ ಜೋಳ ಅಂತ ನನ್ನ ಹೊಟ್ಟಿ ಉರಸಬ್ಯಾಡ. ಈ ಊರಾಗ ಜೋಳ ಸಿಗೂದಿಲ್ಲ ಅಂತನ ನಾ ಅಳಾಕತ್ತೀನಿ" ಎನ್ನುತ್ತಿದ್ದಳು.

ಅಂಗಳದ ಆಚೆ ಬದಿಯ ಎರಡು ಕೋಣೆಯಲ್ಲಿ ಉಡುಪಿ ಕಡೆಯ ಸಂಸಾರವೊಂದಿತ್ತು. ಗಂಡ ಉಪಾಧ್ಯರು, ಮದುವೆ ಮುಂಜಿಯ ಅಡುಗೆಗೆ ಊರೂರು ಹೋಗುವವರು. ತಿಂಗಳಲ್ಲಿ ಹದಿನೈದು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ನನಗಿಂತ ಎರಡು ಮೂರು ವರ್ಷಕ್ಕಷ್ಟೇ ದೊಡ್ಡವರಾದರೂ ಅಂಗಳದ ಬಂಗಾಲಿ ಮುದುಕಿಯರಿಗೂ ಅವರು ಅಕ್ಕನೇ. ಕಚೇರಿಗಳಲ್ಲಿ ಕೆಲಸ ಮಾಡುವ ಹದಿನಾಲ್ಕು ಮಂದಿ ಒಂಟಿ ಗಂಡಸರಿಗೆ ಅಕ್ಕ ಒಂದು ಕೋಣೆಯಲ್ಲಿ ಮೆಸ್ಸು ನಡೆಸುತ್ತಿದ್ದರು. ಮಧ್ಯಾಹ್ನದ ಮೇಲೆ ಚಕ್ಕುಲಿ, ಸಾರಿನ ಪುಡಿ ಚೀಲಕ್ಕೆ ತುಂಬಿಕೊಂಡು ರೈಲು ಬಸ್ಸು ಹತ್ತಿ, ದಕ್ಷಿಣದ ಲೇಕ್ ಕಡೆಯ ಮನೆಗಳಿಗೆ ಹೋಗಿ ಮಾರಿ ಬರುತ್ತಿದ್ದರು. ಮಗಳು ವಸಂತಿ, ನಮ್ಮ ಉಷಾಳ ವಯಸ್ಸಿನವಳು.

ಸರೋಜಾಳಿಗೂ ಅಕ್ಕನಿಗೂ ಅಡುಗೆಯ ವಿಷಯದಲ್ಲಿ ಒಂದು ದಿನವೂ ಒಮ್ಮತವಾಗಲಿಲ್ಲ.

"ಅಕ್ಕಾರ, ಇದು ಸಾರಿಗೆ ಬೆಲ್ಲ ಹಾಕಿದ್ದೋ, ಬೆಲ್ಲಕ್ಕ ಸಾರು ಹಾಕಿದ್ದೋ?"

"ನಿಮ್ಮ ಆ ಕೆಂಪು ಚಟ್ನಿ ತಿಂದು ನಮ್ಮವರು ಮೂರು ದಿನ ಬಾಯಿ ಬಿಡ್ಲಿಲ್ಲ ಮಾರಾಯ್ತಿ. ಒಳ್ಳೇದೇ ಆಯ್ತು ಬಿಡಿ, ಮನೆ ಶಾಂತ ಇತ್ತು."

ಇಷ್ಟಾದರೂ ಬಟ್ಟಲು ಅತ್ತಿಂದಿತ್ತ ಓಡಾಡುತ್ತಲೇ ಇತ್ತು, ಖಾಲಿಯಾಗಿ ಒಂದೂ ಹಿಂದಿರುಗಲಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಪರವೂರಿನಲ್ಲಿರುವ ನಮ್ಮಂಥವರಲ್ಲಿ ಆಗ ಒಂದು ಪದ್ಧತಿಯಿತ್ತು. ಯಾರಿಗೆ ಇಂಗ್ಲಿಷ್ ಬರುತ್ತದೋ ಅವನು ಉಳಿದವರ ಅರ್ಜಿ ಬರೆದುಕೊಡಬೇಕು. ಸಂಬಳವಿಲ್ಲ, ಸಾಕ್ಷಿಯಿಲ್ಲ, ಕೊನೆಗೆ ಒಂದು ಲೋಟ ಕಾಫಿ. ಡಮ್ ಡಮ್‌ನ ಕನ್ನಡದವರಲ್ಲಿ ಆ ಮನುಷ್ಯ ನಾನು. ನನ್ನ ಇಂಗ್ಲಿಷೆಂದರೆ ಮೆಟ್ರಿಕ್ಕಿನದು, ಕಚೇರಿಯ ಕಡತಗಳಿಂದ ಎತ್ತಿ ಜೋಡಿಸಿದ್ದು. ಮಂಡಿಯೂರಿದಂಥ ವಾಕ್ಯಗಳು. ನಲ್ಲಿ ಸೋರುತ್ತದೆ ಎಂದು ದೂರು ಕೊಡುವಾಗಲೂ ತಮ್ಮ ಪಾದಾರವಿಂದದ ಧಾಟಿ ಬಿಡುತ್ತಿರಲಿಲ್ಲ. ಆದರೂ ಜನ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ನಾನು ಬರೆದದ್ದರಲ್ಲಿ ಏನಿದೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂಬ ಭಾವನೆ. ನನಗೂ ಒಳಗೊಳಗೇ ಬಿಗುಮಾನ.

ಉಷಾಗೆ ಎಂಟು ತುಂಬುವಾಗ ಶಾಲೆಯ ಚಿಂತೆ ಹತ್ತಿತು. ಅದು ಎಪ್ಪತ್ತರ ಆಸುಪಾಸಿನ ಗಲಭೆಯ ಕಾಲ. ಗೋಡೆಯ ತುಂಬ ಬರಹ. ಇಂದು ಬಂದ್, ನಾಳೆ ಟ್ರಾಮಿಗೆ ಬೆಂಕಿ, ನಾಡಿದ್ದು ಎಲ್ಲೋ ಬಾಂಬು. ನಮ್ಮ ಕಡೆಯ ಶಾಲೆ ವಾರಕ್ಕೆ ಎರಡು ದಿನ ತೆರೆದಿದ್ದರೆ ಹೆಚ್ಚು. ಕಚೇರಿಯ ದತ್ತಬಾಬು ಈ ವಿಷಯದಲ್ಲಿ ಒಂದು ಸಿದ್ಧಾಂತವನ್ನೇ ಇಟ್ಟುಕೊಂಡಿದ್ದ.

"ಮನೆ ಹುಡುಕಬೇಡ, ಪಾಡಾ ಹುಡುಕು. ಮೊದಲು ಶಾಲೆ. ಆಮೇಲೆ ಮೀನಿನ ಮಾರ್ಕೆಟ್ಟು. ಆಮೇಲೆ ಡಾಕ್ಟರು. ಮನೆ ಕೊನೆಗೆ. ಮನೆಯಲ್ಲಿ ಏನಿದೆ, ಮಲಗೋದು ತಾನೇ?"

"ನಾವು ಮೀನು ತಿನ್ನೋದಿಲ್ಲ ದತ್ತಬಾಬು."

"ಬಾಬಾ! ಹಾಗಾದರೆ ನಿನ್ನ ಕೆಲಸ ಅರ್ಧ ಮುಗೀತು."

ಅವನೇ ಹೇಳಿದ್ದು, ಲೇಕ್ ಕಡೆ ಹೆಣ್ಣುಮಕ್ಕಳ ಸರಕಾರಿ ಶಾಲೆಯೊಂದಿದೆ, ಫೀಸು ಹೆಸರಿಗೆ ಮಾತ್ರ, ಪಾಠ ದುಡ್ಡಿನ ಶಾಲೆಗಳಿಗಿಂತ ಮೇಲು ಎಂದು. ಬಂಗಾಲಿ ಮಾಧ್ಯಮ. ಹುಡುಗಿಯರಿಬ್ಬರಿಗೂ ಅದು ಸಮಸ್ಯೆಯಲ್ಲ, ಕನ್ನಡವೇ ಅವರಿಗೆ ಕಷ್ಟ. ಪೂಜೆಯ ರಜೆಗೆ ಮೊದಲು ಒಂದು ಬೆಳಿಗ್ಗೆ ಅಕ್ಕ, ನಾನು, ಇಬ್ಬರು ಹುಡುಗಿಯರು ಹೋದೆವು. ಮುಖ್ಯೋಪಾಧ್ಯಾಯಿನಿ ಬಿಳಿ ಸೀರೆಯ, ನಗದ ಹೆಂಗಸು. ಇಬ್ಬರಿಂದಲೂ ಓದಿಸಿದರು, ಲೆಕ್ಕ ಮಾಡಿಸಿದರು. ವಸಂತಿ ನೀರು ಕುಡಿದಂತೆ ಓದಿದಳು. ಉಷಾ ನಡುವೆ ಎರಡು ಸಲ ನೀರು ಕುಡಿದಳು.

"ಇಬ್ಬರನ್ನೂ ತೆಗೆದುಕೊಳ್ಳುತ್ತೇನೆ" ಎಂದರು ಆಕೆ. "ಆದರೆ ಮನೆ ನಡೆದು ಹೋಗುವಷ್ಟು ದೂರದಲ್ಲಿರಬೇಕು. ಹನ್ನೊಂದು ಗಂಟೆಗೆ ಗಲಾಟೆಯಾಗಿ ನಾನು ಗಂಟೆ ಹೊಡೆಸಿದರೆ ಹನ್ನೊಂದು ಕಾಲಿಗೆ ಮಗು ಅಮ್ಮನ ಹತ್ತಿರ ಇರಬೇಕು. ಡಮ್ ಡಮ್‌ಗೆ ನಾನು ಯಾರನ್ನು ಕಳಿಸಲಿ? ಜನವರಿಯೊಳಗೆ ಈ ಪಾಡಾದ ರೇಷನ್ ಕಾರ್ಡು ತನ್ನಿ, ಹೆಸರು ಹಚ್ಚುತ್ತೇನೆ."

ಹೀಗೆ ಎರಡು ಸಂಸಾರಗಳೂ ಒಂದೇ ಕಡೆ ಮನೆ ಹುಡುಕತೊಡಗಿದೆವು. ನಾನು ಭಾನುವಾರಗಳಲ್ಲಿ ಬೋರ್ಡು ಓದುತ್ತ ಅಲೆದೆ. ಚಟ ಹತ್ತಿದ್ದು ಆಗಲೇ. ಎರಡು ತಿಂಗಳು ಒಂದೂ ಗಿಟ್ಟಲಿಲ್ಲ. ಸರೋಜಾ ಒಂದು ದಿನ, "ಬೋರ್ಡ್ ಓದಿ ಓದಿ ನೀವ ಮೂರನೇತ್ತಾ ಪಾಸಾದ್ರಿ. ಹುಡುಗಿದು ಯಾವಾಗ್ರಿ?" ಎಂದಳು.

ನವೆಂಬರಿನ ಒಂದು ಸಂಜೆ ಅಕ್ಕ ಚೀಲವನ್ನೂ ಇಳಿಸದೆ ನೇರವಾಗಿ ನಮ್ಮ ಮನೆಗೆ ಬಂದರು. ಸರೋಜಾ ಪಂಪಿನ ಹತ್ತಿರವಿದ್ದಳು.

"ರಾಯರೇ, ಮನೆ ಉಂಟು! ಶಾಲೆಗೆ ಏಳು ನಿಮಿಷ. ನಾನು ಎರಡು ಸಲ ನಡೆದು ನೋಡಿ ಬಂದೆ. ಕೆಳಗಿನ ಮಾಳಿಗೆ, ಎರಡು ಕೋಣೆ. ಯಜಮಾನರ ಹೆಂಡತಿ ನನ್ನ ಚಕ್ಕುಲಿ ಗಿರಾಕಿ, ಅವರು ಕೊಡುವ ಅಂತಲೇ ಹೇಳಿದ್ದಾರೆ. ಯಜಮಾನರಿಗೆ ಮಾತ್ರ ಇಂಗ್ಲೀಷಲ್ಲಿ ಒಂದು ಕಾಗದ ಬೇಕಂತೆ. ನಾವು ಯಾರು, ಎಂತ ಕೆಲಸ, ಎಲ್ಲ. ಇವರು ಜಮ್ಶೆಡ್‌ಪುರದಲ್ಲಿ ಮದುವೆ ಅಡುಗೆಗೆ ಹೋಗಿದ್ದಾರೆ. ನೀವೇ ಬರೆದು, ನೀವೇ ಕೊಟ್ಟು ಬನ್ನಿ. ನನ್ನ ಬಂಗಾಲಿ ತರಕಾರಿ ಅಂಗಡಿ ತನಕ ಮಾತ್ರ."

"ಮೆಸ್ಸು?" ಎಂದೆ.

"ಮೆಸ್ಸು ಇಲ್ಲೇ. ನಾನು ದಿನಾ ಬಂದು ಅಡುಗೆ ಮಾಡಿಟ್ಟು ಹೋಗುವುದು. ಅಲ್ಲಿ ಬರೀ ನಾವು ಮೂರು ಜನ." ಆಮೇಲೆ ಚೀಲ ಕೆಳಗಿಳಿಸಿ ಹೇಳಿದರು: "ಮನೆ ಆಗದಿದ್ರೆ ವಸಂತಿಯನ್ನು ಊರಿಗೆ, ಭಾವನ ಮನೆಗೆ ಕಳಿಸುವುದಂತ ಇವರು ಹೇಳಿ ಆಗಿದೆ. ಎಂಟು ವರ್ಷದ ಹುಡುಗಿ ರಾಯರೇ. ಅಲ್ಲಿ ಯಾರ ಹತ್ತಿರ ಮಲಗ್ತಾಳೆ ಅವಳು?"

ನಾನು ಬರೆದುಕೊಟ್ಟೆ. ಬಹಳ ಒಳ್ಳೆಯ ಅರ್ಜಿ ಅದು. ಅರ್ಜಿದಾರರ ಹೆಸರು ಉಪಾಧ್ಯರದು. ಸಜ್ಜನರು, ಸಸ್ಯಾಹಾರಿಗಳು, ಮನೆಯಲ್ಲಿ ಮೂವರೇ, ಮನೆಯೊಳಗೆ ಯಾವ ವ್ಯಾಪಾರವೂ ನಡೆಯುವುದಿಲ್ಲ. ಬರೆಯುವಾಗ ನನ್ನ ಮನಸ್ಸಿನಲ್ಲಿ ಬೇರೆ ಯೋಚನೆ ಇರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇತ್ತೋ ಇಲ್ಲವೋ ಈಗ ಹೇಳಲಾರೆ. ಮರುದಿನ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ಇನ್ನೊಬ್ಬರ ಕಾಗದ ಮುಟ್ಟಿಸಲು ಇಸ್ತ್ರಿ ಅಂಗಿ ಬೇಕಿರಲಿಲ್ಲ.

ಮನೆಯ ಯಜಮಾನ ಚಕ್ರವರ್ತಿಬಾಬು ಲುಂಗಿಯುಟ್ಟು ಜಗಲಿಯಲ್ಲಿ ಪೇಪರು ಓದುತ್ತಿದ್ದರು.

"ಬೋಷುನ್, ಬೋಷುನ್. ಆಪ್ನಿ ಮದ್ರಾಜಿ?"

ಗದಗು ಮದ್ರಾಸಿನಲ್ಲಿಲ್ಲ ಎಂದು ಈ ನಗರಕ್ಕೆ ತಿಳಿಸುವ ಪ್ರಯತ್ನವನ್ನು ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೌದು ಎಂದು ಕುಳಿತೆ. ಅರ್ಜಿ ಜೇಬಿನಲ್ಲಿತ್ತು.

"ಮನೆ ನೋಡಿ ಹೋದ ಆ ಹೆಂಗಸಿನ ಕಡೆಯವರಾ ನೀವು? ಅವರಿಗೇ ಕೊಡಬೇಕೆಂದು ನನ್ನ ಹೆಂಡತಿ ಹಟ ಹಿಡಿದಿದ್ದಾಳೆ. ಆದರೆ ನನಗೊಂದು ಹೆದರಿಕೆ. ಈಗಿನ ಕಾನೂನಿನಲ್ಲಿ ಬಾಡಿಗೆಗೆ ಬಂದವರು ಏಳುವುದೇ ಇಲ್ಲ. ಅವರು ಎಂಥ ಜನ?"

ಜೇಬಿನ ಕಾಗದ ತೆಗೆದುಕೊಟ್ಟಿದ್ದರೆ ಎಲ್ಲಕ್ಕೂ ಉತ್ತರ ಅದರಲ್ಲೇ ಇತ್ತು. ನಾನು ಬಾಯಿ ತೆರೆದೆ.

"ಅವರು ಅಡುಗೆಯವರು. ಮನೆಯಲ್ಲೇ ಮೆಸ್ಸು. ದಿನಕ್ಕೆ ನಲವತ್ತು ಜನ ಬಂದು ಉಂಡು ಹೋಗುತ್ತಾರೆ. ಕಲ್ಲಿದ್ದಲು ಒಲೆ ಬೆಳಗಿನಿಂದ ಉರಿಯುತ್ತದೆ."

"ಸರ್ವನಾಶ!" ಎಂದರು ಚಕ್ರವರ್ತಿಬಾಬು. ಪೇಪರನ್ನು ಮಡಚಿಟ್ಟರು. "ಮತ್ತೆ ನೀವು?"

"ಕೇಂದ್ರ ಸರಕಾರ. ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತದೆ."

ಆಗಿನ ಮನೆ ಯಜಮಾನರಿಗೆ ವರ್ಗವಾಗುವ ಬಾಡಿಗೆದಾರನೆಂದರೆ ದೇವರು ಕೊಟ್ಟ ವರ. ಕಾನೂನು ಎಬ್ಬಿಸದವನನ್ನು ಸರಕಾರವೇ ಎಬ್ಬಿಸುತ್ತದಲ್ಲ! ಚಹಾ ಬಂತು, ಸಂದೇಶ್ ಮಿಠಾಯಿ ಬಂತು. ನಿಜವೇನೆಂದರೆ ನನ್ನ ಹುದ್ದೆಗೆ ವರ್ಗವೇ ಇರಲಿಲ್ಲ. ಆ ಮನೆಯಲ್ಲಿ ನಾನು ಇಪ್ಪತ್ತೊಂದು ವರ್ಷ ಇದ್ದೆ. ಪ್ರತಿ ವರ್ಷ ದುರ್ಗಾಪೂಜೆ ಮುಗಿದು ಬಿಜೊಯಾದ ಅಪ್ಪುಗೆಗೆ ಹೋದಾಗ ಚಕ್ರವರ್ತಿಬಾಬು ಕಿವಿಯ ಹತ್ತಿರ ಕೇಳುತ್ತಿದ್ದರು, "ಮತ್ತೇನು, ಆರ್ಡರು ಬಂತಾ?" "ಈ ವರ್ಷ ಬರಬಹುದು" ಎನ್ನುತ್ತಿದ್ದೆ. ಕೊನೆಗೆ ಅವರೇ ಹೋದರು, ನಾನು ಉಳಿದೆ.

ಸಂಜೆ ಅಕ್ಕನಿಗೆ ಹೇಳಿದೆ, ಯಜಮಾನ ಒಪ್ಪಲಿಲ್ಲ, ಅಡುಗೆಯವರೆಂದರೆ ಬೇಡವಂತೆ.

"ಮೆಸ್ಸು ಇಲ್ಲೇ ಇರ್ತದೆ ಅಂತ ಬರೆದಿದ್ದೀರಲ್ಲ?"

"ಬರೆದಿದ್ದೆ. ಓದಿದರು."

"ಮತ್ತೆ ಎಂತ ಮಾಡುದು" ಎಂದರು ಅಕ್ಕ. ಆಮೇಲೆ, "ನಿಮಗೆ ಒಂದು ಭಾನುವಾರ ಹಾಳಾಯ್ತು" ಎಂದು ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಪದ್ಧತಿಯ ಕಾಫಿ. ಕುಡಿದೆ.

ಎರಡು ವಾರ ಬಿಟ್ಟು ದತ್ತಬಾಬು ಒಂದು ಮನೆ ತೋರಿಸಿದ ಎಂದು ಎಲ್ಲರಿಗೂ ಹೇಳಿದೆ, ಸರೋಜಾಳಿಗೂ. ಹಾಲುಕ್ಕಿಸಲು ಯಾರನ್ನೂ ಕರೆಯುವುದು ಬೇಡ, ಗಲಾಟೆಯ ಕಾಲ ಎಂದೆ. ಸರೋಜಾ ಕೇಳಲಿಲ್ಲ.

"ಅಕ್ಕಾರ ಇಲ್ಲದ ಹಾಲು ಉಕ್ಕಸ್ತಾರೇನ್ರೀ ಯಾರಾದ್ರೂ? ನಿಮಗ ಏನಾಗೇದ?"

ಅಕ್ಕ ವಸಂತಿಯ ಕೈ ಹಿಡಿದುಕೊಂಡು ಬಂದರು. ಬಸ್ಸಿಳಿದು ಬೀದಿಯ ತಿರುವಿನವರೆಗೆ ಮಾತಾಡುತ್ತ ಬಂದವರು ತಿರುವಿನಲ್ಲಿ ಮಾತು ನಿಲ್ಲಿಸಿದರು. ಗೇಟಿನ ಹತ್ತಿರ ಒಂದು ಕ್ಷಣ ನಿಂತರು. ಮೇಲಿನ ಮಾಳಿಗೆ ನೋಡಿದರು, ನಂಬರು ನೋಡಿದರು. ನನ್ನನ್ನು ನೋಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ನಡೆದರು. ಅಡುಗೆಮನೆಯಲ್ಲಿ ಸರೋಜಾ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಲು ಹೋದಾಗ ಅವರ ಬಾಯಿಂದ ತಾನಾಗಿಯೇ ಬಂತು: "ಮೊದಲು ಸ್ವಲ್ಪ ಬಿಡಿ ಮಾರಾಯ್ತಿ, ಕೆಂಪು ನೀರು ಬರ್ತದೆ."

ಕೆಂಪು ನೀರೇ ಬಂತು.

"ಅಯ್ಯ, ನಿಮಗ ಹೆಂಗ ಗೊತ್ತಾತ್ರೀ ಅಕ್ಕಾರ?"

ನಾನು ಬಾಗಿಲಲ್ಲೇ ಇದ್ದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡರು.

"ಹಳೇ ಮನೆಗಳೆಲ್ಲ ಹಾಗೇ ಅಲ್ವಾ" ಎಂದರು.

ಆಮೇಲೆ ಹಾಲುಕ್ಕಿಸಿದರು, ಪಾಯಸ ಮಾಡಿ ಬಡಿಸಿದರು, ಉಷಾಳ ತಲೆ ಬಾಚಿದರು. ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು: "ಹುಡುಗಿಯನ್ನು ಚೆನ್ನಾಗಿ ಓದಿಸಿ ರಾಯರೇ." ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ನಾನೂ ಏನಾದರೂ ಹೇಳಿ, ಜಗಳವಾಗಿ, ಎಲ್ಲ ಹೊರಗೆ ಬಂದು ಮುಗಿಯುತ್ತಿತ್ತು.

ಆ ರಾತ್ರಿಯ ಊಟದಲ್ಲಿ ಸರೋಜಾ, "ವಸಂತಿನ್ನ ನಮ್ಮನ್ಯಾಗ ಇಟಗೊಂಡ್ರ ಆತಲ್ರೀ? ಇಬ್ಬರೂ ಕೈ ಹಿಡಕೊಂಡು ಸಾಲಿಗೆ ಹೋಗ್ತಾವ. ಶನಿವಾರ ಅಕ್ಕಾರು ಬಂದು ಕರಕೊಂಡು ಹೋಗ್ಲಿ" ಎಂದಳು. ಎಷ್ಟು ಸರಳವಾದ ದಾರಿ! ರೇಷನ್ ಕಾರ್ಡಿನಲ್ಲಿ ತಂದೆಯ ಹೆಸರೇ ಇರಬೇಕು, ದೊಡ್ಡ ದಿದಿಮಣಿ, ಅಂದರೆ ಆ ಮುಖ್ಯೋಪಾಧ್ಯಾಯಿನಿ, ಒಪ್ಪುವುದಿಲ್ಲ ಎಂದೆ. ದೊಡ್ಡ ದಿದಿಮಣಿಯನ್ನು ನಾನು ಕೇಳಿರಲಿಲ್ಲ. ಆ ಹುಡುಗಿ ದಿನವೂ ನನ್ನ ಕಣ್ಣೆದುರು ಓಡಾಡುವುದು ನನಗೆ ಬೇಡವಾಗಿತ್ತು, ಅಷ್ಟೆ.

ಉಷಾ ಶಾಲೆಗೆ ಸೇರಿದಳು. ದತ್ತಬಾಬು ಹೇಳಿದ್ದು ನಿಜ, ಶಾಲೆ ಬಹಳ ಒಳ್ಳೆಯದು. ಗಂಟೆ ಮೂರು ನಾಲ್ಕು ಸಲ ಹೊತ್ತಿಗೆ ಮುಂಚೆ ಹೊಡೆಯಿತು. ಉಷಾ ಏಳೇ ನಿಮಿಷಕ್ಕೆ ಮನೆ ಸೇರಿದಳು. ಓದಿನಲ್ಲಿ ಅವಳು ಸಾಧಾರಣ. ಎಂಟನೆಯ ತರಗತಿಯ ಲೆಕ್ಕದಲ್ಲಿ ಎರಡು ಸಲ ಕುಂಟಿದಳು. ಮುಂದೆ ಸಾಲ್ಟ್ ಲೇಕಿನ ಕಚೇರಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದಳು, ಸುಖವಾಗಿದ್ದಾಳೆ. ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಅವಳಿಗೆ ಇದು ಗೊತ್ತಿಲ್ಲ.

ವಸಂತಿಯನ್ನು ಜನವರಿಯಲ್ಲಿ ಉಪಾಧ್ಯರು ಊರಿಗೆ ಕರೆದುಕೊಂಡು ಹೋದರು. ಹೌರಾ ಸ್ಟೇಷನ್ನಿಗೆ ನಾವೂ ಹೋಗಿದ್ದೆವು. ಸರೋಜಾ ದಾರಿಗೆಂದು ಚಪಾತಿ, ಶೇಂಗಾ ಚಟ್ನಿ ಕಟ್ಟಿದ್ದಳು. ವಸಂತಿ ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ಉಷಾಳನ್ನು ಬಂಗಾಲಿಯಲ್ಲಿ ಕೇಳಿದಳು, "ನಿನ್ನ ಸ್ಕೂಲಲ್ಲಿ ಉಯ್ಯಾಲೆ ಇದೆಯಾ?" ಎರಡಿವೆ ಎಂದಳು ಉಷಾ. ರೈಲು ಹೋದ ಮೇಲೆ ಅಕ್ಕ ಬಹಳ ಹೊತ್ತು ಪ್ಲಾಟ್‌ಫಾರಂನಲ್ಲಿ ಬಿದ್ದಿದ್ದ ಯಾರದೋ ಮಗುವಿನ ಟೊಪ್ಪಿಗೆಯನ್ನು ನೋಡುತ್ತ ನಿಂತಿದ್ದರು. ಆಮೇಲೆ ಅದನ್ನು ಎತ್ತಿ ಬೆಂಚಿನ ಮೇಲಿಟ್ಟು, "ಹೋಗುವ" ಎಂದರು. ಹದಿನಾಲ್ಕು ಜನಕ್ಕೆ ಅಡುಗೆಯಾಗಬೇಕಿತ್ತು.

ಎರಡು ವರ್ಷದ ಮೇಲೆ ಬೇಸಿಗೆಯ ರಜೆಗೆ ಹುಡುಗಿ ಬಂದಾಗ ಡಮ್ ಡಮ್‌ಗೆ ಹೋಗಿದ್ದೆವು. ಉದ್ದವಾಗಿದ್ದಳು. ಬಂಗಾಲಿ ಮರೆತಿದ್ದಳು. ಉಂಡ ತಟ್ಟೆಯನ್ನು ಅಕ್ಕ ಎತ್ತಲು ಹೋದರೆ ಬಿಡದೆ ತಾನೇ ತೊಳೆದು ಬೋರಲು ಹಾಕಿದಳು. ಉಷಾ ಡಬ್ಬಿಗೆ ಕೈ ಹಾಕಿ ಚಕ್ಕುಲಿ ತಿನ್ನುತ್ತಿದ್ದಳು. ವಸಂತಿ ಅಮ್ಮನ ಹತ್ತಿರ ಹೋಗಿ ಮೆಲ್ಲಗೆ, "ನಾನೂ ಒಂದು ತಕ್ಕೊಳ್ಳಲಾ?" ಎಂದು ಕೇಳಿದಳು. ಅಕ್ಕ ಇಡೀ ಡಬ್ಬಿಯನ್ನು ಅವಳ ಮಡಿಲಿಗಿಟ್ಟರು. ಹುಡುಗಿ ಒಂದೇ ತೆಗೆದುಕೊಂಡು ಮುಚ್ಚಳ ಹಾಕಿದಳು.

ಭಾವನ ಮನೆಯಲ್ಲಿ ಅವಳಿಗೆ ಹೊಡೆತ ಬಡಿತವೇನೂ ಇರಲಿಲ್ಲವಂತೆ. ಕೂಸುಗಳನ್ನು ಎತ್ತಿಕೊಳ್ಳುವುದು, ದನಕ್ಕೆ ನೀರಿಡುವುದು, ಸಮಯ ಉಳಿದರೆ ಶಾಲೆ. ಏಳನೆಯದಕ್ಕೆ ಬಿಡಿಸಿದರು. ಎಪ್ಪತ್ತರ ದಶಕ ಮುಗಿಯುವ ಮೊದಲು ಉಪಾಧ್ಯರು ಮೆಸ್ಸು ಮುಚ್ಚಿ ಅಕ್ಕನನ್ನು ಕರೆದುಕೊಂಡು ಊರಿಗೆ ಹೊರಟುಹೋದರು. ಅಷ್ಟು ಹೊತ್ತಿಗೆ ಹುಡುಗಿಗೆ ಮದುವೆಯಾಗಿತ್ತು. ಅಕ್ಕ ತೀರಿಕೊಂಡ ಸುದ್ದಿ ಬಹಳ ವರ್ಷದ ಮೇಲೆ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಯಾರೋ ಹೇಳಿದರು. "ಅಯ್ಯೋ, ಒಳ್ಳೆಯವರು" ಎಂದೆ. ಅದೇ ಉಸಿರಿನಲ್ಲಿ ಇನ್ನೊಂದು ಲೋಟ ಕಾಫಿ ಕೇಳಿದ್ದೂ ನೆನಪಿದೆ.

ಇಷ್ಟು ಬರೆದ ಮೇಲೂ ಬರೆಯಬೇಕೆಂದು ಕುಳಿತದ್ದು ಬರೆದಿಲ್ಲ. ಮನೆಗಾಗಿ ಸುಳ್ಳು ಹೇಳುವುದು ಲೋಕದಲ್ಲಿ ಇದೆ. ಕೇಳಿದವರು, ಮಗಳಿಗಾಗಿ ಮಾಡಿದೆ ಬಿಡು, ಎಂದು ಬಿಟ್ಟಾರು. ಆದ್ದರಿಂದ ಇದನ್ನು ಕೊನೆಗಿಟ್ಟೆ.

ಹಾಲುಕ್ಕಿಸಿ ಹತ್ತು ದಿನವಾಗಿತ್ತು, ವಸಂತಿ ಇನ್ನೂ ಡಮ್ ಡಮ್‌ನಲ್ಲೇ ಇದ್ದಳು. ಹೊಸ ಮನೆಗೆ ಒಂದು ಕಾರ್ಡು ಬಂತು, ಕನ್ನಡದಲ್ಲಿ ಬರೆದದ್ದು. ನಮ್ಮ ಊರಿನದೆಂದು ಸರೋಜಾಳಿಗಿಂತ ಮೊದಲು ನಾನೇ ತೆಗೆದುಕೊಂಡೆ. ಅದು ಅಕ್ಕನಿಗೆ ಬಂದದ್ದು. ಯಜಮಾನರ ಹೆಂಡತಿ ಕೊಡುತ್ತೇನೆ ಎಂದ ದಿನವೇ, ನನ್ನ ಅರ್ಜಿಯ ಮೇಲಿನ ನಂಬಿಕೆಯಿಂದ, ಅಕ್ಕ ತಾಯಿಗೆ ಈ ವಿಳಾಸ ಬರೆದು ಹಾಕಿದ್ದರು. ತಾಯಿಗೆ ಓದು ಬರಹವಿಲ್ಲ. ಯಾರದೋ ಕೈಯಿಂದ ಬರೆಸಿದ ಉತ್ತರ. ಮನೆ ಸಿಕ್ಕಿತೆಂದು ತಿಳಿದು ಸಂತೋಷವಾಯಿತು. ಒಂದು ವೇಳೆ ತಪ್ಪಿಹೋದರೂ ಮಗುವನ್ನು ನಿನ್ನ ಭಾವನ ಮನೆಗೆ ಮಾತ್ರ ಕಳಿಸಬೇಡ, ಅಲ್ಲಿಯ ಸಂಗತಿ ನಿನಗೆ ತಿಳಿಯದು. ಒಂದು ಸಾಲು ಬರೆ, ಯಾರ ಜೊತೆಗಾದರೂ ನಾನೇ ರೈಲು ಹತ್ತಿ ಬಂದು ನಿನ್ನ ಹತ್ತಿರ ಇರುತ್ತೇನೆ, ನೀನು ಮೆಸ್ಸಿಗೆ ಹೋದಾಗ ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನ ಉತ್ತರ ಬಾರದಿದ್ದರೆ ಎಲ್ಲ ಸರಿಯಾಗಿದೆ ಎಂದು ತಿಳಿಯುತ್ತೇನೆ.

ಎರಡು ಸಲ ಓದಿದೆ. ಬರೆದುಕೊಟ್ಟವನು ಯಾರೋ, ಮುದುಕಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದ. ಡಮ್ ಡಮ್‌ಗೆ ಹೋಗಿ ಕೊಡಲು ಒಂದು ಗಂಟೆಯ ದಾರಿ. ಕೊಡಬೇಕಾದರೆ, ನಿಮ್ಮ ಕಾಗದ ನನ್ನ ಮನೆಗೆ ಬಂದಿದೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಸರೋಜಾ ಬಟ್ಟೆ ಒಗೆಯುತ್ತಿದ್ದಳು. ಒಲೆಯಲ್ಲಿ ಕಲ್ಲಿದ್ದಲು ಕೆಂಪಗಿತ್ತು. ಕಾರ್ಡು ದಪ್ಪ ಕಾಗದದ್ದು, ಹೊತ್ತಿಕೊಳ್ಳಲು ತುಸು ಹೊತ್ತು ಹಿಡಿಯಿತು.

ಹೌರಾ ಸ್ಟೇಷನ್ನಿನಲ್ಲಿ ಅಕ್ಕನ ಪಕ್ಕ ನಿಂತಾಗ ಇದು ನನಗೆ ಗೊತ್ತಿತ್ತು. ಚಕ್ಕುಲಿಯ ಡಬ್ಬಿ ನೋಡಿದಾಗಲೂ ಗೊತ್ತಿತ್ತು. ಎರಡೂ ಸಲ ಹೇಳಲಿಲ್ಲ. ಆ ಮೇಲಿನ ಆರೇಳು ವರ್ಷ ಹಬ್ಬಕ್ಕೆ, ಹರಿದಿನಕ್ಕೆ ಸಿಕ್ಕಾಗಲೂ ಹೇಳಲಿಲ್ಲ. ಮನೆಯ ವಿಷಯ ಅಕ್ಕನಿಗೆ ತಿಳಿದಿತ್ತು, ಅದನ್ನು ನುಂಗಿಕೊಂಡಿದ್ದರು. ಈ ಕಾರ್ಡು ತಿಳಿಯಲಿಲ್ಲ. ಆ ವಿಳಾಸಕ್ಕೆ ಕಾಗದ ಬಂತೇ ಎಂದು ಕೇಳಿದರೆ ಮನೆಯ ಮಾತು ಎತ್ತಬೇಕಾಗುತ್ತಿತ್ತು, ಅವರು ಕೇಳಲಿಲ್ಲ. ತಾಯಿ ಉತ್ತರ ಬರೆಯಲೇ ಇಲ್ಲ ಎಂದುಕೊಂಡೇ ಅವರು ಮಗಳನ್ನು ರೈಲು ಹತ್ತಿಸಿದರು.

ಅಕ್ಕ ಎಂದು ಕರೆಯುತ್ತ ಬಂದ ನನಗೆ ಅವರ ಹೆಸರು ಗೊತ್ತಾದದ್ದು ಆ ಕಾರ್ಡಿನಿಂದಲೇ. ಅದನ್ನು ನಾನು ಒಂದು ಸಲವೂ ಬಾಯಲ್ಲಿ ಉಚ್ಚರಿಸಿಲ್ಲ, ಈವರೆಗೆ ಎಲ್ಲೂ ಬರೆದಿಲ್ಲ. ಕ್ಷಮೆ ಕೇಳದೆ ಉಳಿದದ್ದು ಅವರಲ್ಲಿ: ಸೌಭಾಗ್ಯವತಿ ವಾರಿಜಾ ಉಪಾಧ್ಯ.